ಮೀಟಿಂಗ್‌ನ್ಯಾಗ ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಾನು ಗಂಗಾವತಿ ಹತ್ರ ಒಂದು ರೈಸ್ ಮಿಲ್‌ನ್ಯಾಗ ಸೂಪರ್‌ವೈಸರ್, ಡಿಪ್ಲೊಮಾ ಮುಗಿಸಿ ಸೇರೀನಿ. ಆಪರೇಟರ್‌ಗಳು, ಹಮಾಲರು ಬಹಳ ಮಂದಿ ನನಗಿಂತ ದೊಡ್ಡೋರು. ಕೆಲಸಗಾರರಿಗೆ ಬರೇ ಆರ್ಡರ್ ಮಾಡಬ್ಯಾಡ್ರಿ, ಪ್ರಶ್ನೆ ಕೇಳಿ ಕೆಲಸ ತಗೋರಿ ಅಂತ ಒಂದು ಟ್ರೇನಿಂಗ್‌ನ್ಯಾಗ ಹೇಳಿದ್ರು. ಮುಂಜಾನೆ ಎಲ್ಲಾರನ್ನೂ ನಿಲ್ಲಿಸಿ "ನಿನ್ನೆ ನುಚ್ಚು ಯಾಕ ಜಾಸ್ತಿ ಬಂತು?" ಅಂದೆ. ಎಲ್ಲಾರೂ ನೆಲ ನೋಡ್ಕೋಂತ ನಿಂತ್ರು. ಹಿರಿ ಆಪರೇಟರ್ ಒಬ್ರು "ನೀವ ಓದಿದೋರು, ನೀವ ಹೇಳ್ರಿ" ಅಂದ್ಬಿಟ್ರು. ಇದು ನಮ್ಮ ಕಡೆ ನಡಿಯಂಗಿಲ್ಲೇನ್ರಿ?

ಉತ್ತರ: ನಡೀತೈತ್ರಿ, ಚಂದಾಗೇ ನಡೀತೈತಿ. ಆದ್ರ ಹತ್ತು ಮಂದಿ ನಡುವ ನಿಲ್ಲಿಸಿ ಹಿಂಗ ಕೇಳಿದ್ರ ಅವರ ಕಿವಿಗೆ ಅದು ಯಾರ ತಪ್ಪು ಅಂತಲೇ ಬೀಳ್ತೈತಿ, ಪಗಾರ ಕಟ್ ಆಗೋ ಮಾತು ಅಂತ ತಿಳ್ಕೊಂಡೋರು ಯಾಕ ಬಾಯಿ ಬಿಡ್ತಾರ ಹೇಳ್ರಿ.

ಮಧ್ಯಾಹ್ನ ಊಟ ಆಗಿ ಸ್ವಲ್ಪ ಬಿಡುವು ಇದ್ದಾಗ ಆ ಹಿರಿಯರು ಇರೋ ಜಾಗಕ್ಕ ನೀವ ಹೋಗ್ರಿ. ಮನುಷ್ಯನ ಬಗ್ಗೆ ಕೇಳಬ್ಯಾಡ್ರಿ, ಮಾಲಿನ ಬಗ್ಗೆ ಕೇಳ್ರಿ. "ಕಾಕಾ, ಮೊನ್ನೆ ಬಂದ ಭತ್ತ ಎಂಥದಿತ್ತು?" ಅಂತ ಇಷ್ಟ ಸಾಕು. ಮಷಿನ್‌ಲೆ ಕೊಯ್ದ ಭತ್ತ ನವೆಂಬರ್ ಹೊತ್ತಿಗೆ ಬಹಳ ಸಲ ಶೇ. 20ಕ್ಕಿಂತ ಮ್ಯಾಲ ತೇವಾಂಶ ಇದ್ದು ಹಸಿ ಇರ್ತೈತಿ, ಮಿಲ್ಲಿಗೆ ಹಾಕಾಕ ಶೇ. 14ರ ಆಸುಪಾಸು ಬರಬೇಕು, ಇದು ನಿಮಗೂ ಗೊತ್ತು ಅವರಿಗೂ ಗೊತ್ತು. ಅವರು "ಬಾಳ ಹಸಿ ಇತ್ರಿ" ಅಂದ್ರು ಅನ್ಕೋರಿ. ನೀವು "ಹಂಗಾದ್ರ ಡ್ರೈಯರ್ ಹ್ಯಾಂಗ ಓಡಿಸಿದ್ರಿ?" ಅನ್ರಿ. ಅವರು "ಬಿಸಿ ಜಾಸ್ತಿ ಇಟ್ಟು ಒಂದ ಸಲಕ್ಕ ಒಣಗಿಸಿದ್ವಿ" ಅಂತಾರ. "ನಡುವ ಆರಾಕ ಬಿಡಲಿಲ್ಲೇನು?" ಅಂತ ನೀವು ಕೇಳಿದ್ರ, "ಟೈಮ್ ಎಲ್ಲಿತ್ರಿ, ಮುಂಜಾನೆ ಲಾರಿ ಲೋಡ್ ಆಗಬೇಕಿತ್ತಲ್ಲ" ಅಂತಾರ. ಗಡಿಬಿಡಿಯೊಳಗ ಒಣಗಿಸಿದ ಕಾಳು ಒಳಗ ಬಿರಿತೈತಿ, ಪಾಲಿಶ್ ಹೊತ್ತಿಗೆ ಮುರಿತೈತಿ, ನುಚ್ಚು ಬಂತಂದ್ರ ಅಲ್ಲಿಂದನ ಬಂದಿರಬಹುದು. ಮುಂದಿನ ಪ್ರಶ್ನೆ, ಆ ಲಾರಿಗೆ ಮುಂಜಾನಿ ಮಾತು ಕೊಟ್ಟೋರು ಯಾರು? ಆಫೀಸಿನೋರು. ಒಮ್ಮೊಮ್ಮೆ ನೀವ ಕೊಟ್ಟಿರ್ತೀರಿ.

ಜಪಾನಿನ ಟೊಯೊಟಾ ಕಾರ್ ಕಂಪನ್ಯಾಗ ತೈಚಿ ಓನೊ ಅನ್ನೋ ಇಂಜಿನಿಯರ್ ಕಾರಣದ ಹಿಂದಿನ ಕಾರಣ ಅಂತ ಐದು ಸಲ ಕೇಳೋ ಪದ್ಧತಿ ಕಲಿಸಿದ್ರು. ಅವರ ಉದಾಹರಣೆ ಹಿಂಗೈತಿ: ಮಷಿನ್ ನಿಂತೈತಿ, ಯಾಕಂದ್ರ ಓವರ್‌ಲೋಡ್ ಆಗಿ ಫ್ಯೂಸ್ ಹೋಗೈತಿ, ಯಾಕಂದ್ರ ಬೇರಿಂಗಿಗೆ ಎಣ್ಣಿ ಸಾಲಲಿಲ್ಲ, ಯಾಕಂದ್ರ ಪಂಪ್ ಸರಿ ಎತ್ತಲಿಲ್ಲ, ಯಾಕಂದ್ರ ಅದರ ಶಾಫ್ಟ್ ಸವದೈತಿ, ಯಾಕಂದ್ರ ಜಾಳಗಿ ಇಲ್ದ ಲೋಹದ ಚೂರು ಒಳಗ ಹೋಗ್ಯಾವ. ಬರೇ ಫ್ಯೂಸ್ ಹಾಕಿ ಬಿಟ್ಟಿದ್ರ ಸ್ವಲ್ಪ ದಿನಕ್ಕ ಮತ್ತ ನಿಲ್ತಿತ್ತು. ಈ ಸಾಲಿನಾಗ ಒಬ್ಬ ಮನುಷ್ಯನ ಹೆಸರೂ ಇಲ್ಲ ನೋಡ್ರಿ. ನೀವು ಕೇಳುವಾಗಲೂ ಹಂಗ ಇರ್ಲಿ.

ಇನ್ನ ನನಗ ಬಹಳ ಮುಖ್ಯ ಅನ್ಸೋದು ಇದು. ಲಾರಿ ಮಾತು ನಿಮ್ಮ ಟೇಬಲ್ಲಿಗೆ ಬಂದ ಮ್ಯಾಲ ನೀವೇನು ಮಾಡ್ತೀರಿ ಅನ್ನೋದನ್ನ ಆ ಹಿರಿಯರು ನೋಡ್ಕೋಂತ ಇರ್ತಾರ. ಮಾಲೀಕರ ಹತ್ರ ಹೋಗಿ ಹಸಿ ಭತ್ತ ಬಂದಾಗ ಲೋಡಿಂಗ್ ಮಧ್ಯಾಹ್ನಕ್ಕ ಇಡೋಣು ಅಂತ ಮಾತಾಡಿ ಬಂದ್ರಿ, ಅದನ್ನ ಕಾಕಾಗೂ ತಿಳಿಸಿದ್ರಿ ಅಂದ್ರ ಮುಂದಿನ ಸಲ ಅವರ ನಿಮ್ಮನ್ನ ಕರೆದು ಹೇಳ್ತಾರ. ಮಾಲೀಕರು ಒಪ್ಪಲಿಲ್ಲ ಅಂದ್ರ ಅದನ್ನೂ ಇದ್ದದ್ದು ಇದ್ದಂಗ ಹೇಳ್ರಿ. ಕೇಳಿ ಸುಮ್ನಾದ್ರ ಮಾತ್ರ ಕೇಳದ ಇದ್ದಿದ್ರ ಚಲೋ ಇತ್ತು ಅನ್ನಂಗ ಆಗ್ತೈತಿ.

ಶುರುಶುರುವಿಗೆ ತಕರಾರು, ತಪ್ಪು ಜಾಸ್ತಿ ಕಿವಿಗೆ ಬೀಳ್ತಾವ, ಗಾಬ್ರಿ ಆಗಬ್ಯಾಡ್ರಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಾಗ ಆಸ್ಪತ್ರಿ ತಂಡಗಳನ್ನ ನೋಡಿದಾಗ, ಚಂದ ಹೊಂದಾಣಿಕೆ ಇದ್ದ ತಂಡದಾಗ ಔಷಧದ ತಪ್ಪು ಹೆಚ್ಚು ವರದಿ ಆಗಿದ್ವು, ಅಲ್ಲಿ ಮಂದಿ ಮುಚ್ಚಿಡದ ಹೇಳ್ತಿದ್ರು ಅಂತ ಅವರು ಅರ್ಥ ಮಾಡಿದ್ರು.

ಬಾಯ್ಲರ್ ಪ್ರೆಶರ್ ಏರಾಕ ಹತ್ತಿದಾಗ, ಓಡೋ ಎಲಿವೇಟರ್ ಬೆಲ್ಟಿಗೆ ಯಾರರ ಕೈ ಹಾಕಾಕ ಹೋದಾಗ ಮಾತ್ರ ಪ್ರಶ್ನೆ ಗಿಶ್ನೆ ಏನಿಲ್ಲ, ಒದರಿ ನಿಲ್ಲಿಸಬೇಕು. ಹಮಾಲಿ ರೇಟು ಮ್ಯಾಲಿನೋರು ಆಗಲೇ ಠರಾವ್ ಮಾಡಿದ್ರ "ನಿಮ್ಮ ಅಭಿಪ್ರಾಯ ಏನು" ಅಂತ ಕೇಳೋ ನಾಟಕನೂ ಬ್ಯಾಡ, ನೇರ ಹೇಳ್ರಿ.

ಪ್ರಶ್ನೆ: ನಾನು ಬಳ್ಳಾರಿಯೊಳಗ ಜೀನ್ಸ್ ಹೊಲಿಯೋ ಯುನಿಟ್‌ನ್ಯಾಗ ಲೈನ್ ನೋಡ್ಕೊಳ್ತೀನಿ. ಹುಡುಗ್ಯಾರು ಸಣ್ಣದಕ್ಕೂ "ಅಕ್ಕಾ, ಏನ್ ಮಾಡ್ಲಿ" ಅಂತ ಬರ್ತಾರ, ನನ್ನ ಕೆಲಸ ಸಾಗಂಗಿಲ್ಲ.

ಉತ್ತರ: ಹೊಸದಾಗಿ ಬಂದಾಕಿಗೆ ಕೈ ಹಿಡಿದು ತೋರಿಸ್ರಿ ತಂಗಿ, ಆಕಿಗೆ ಪ್ರಶ್ನೆ ಕೇಳಿ ಕಾಡಬಾರದು. ಕೆಲಸ ಬಲ್ಲಾಕಿ ಬಂದು ಹೊಲಿಗಿ ಬಿಡಾಕತ್ತೈತಿ ಅಂದ್ರ "ನಿನಗೇನ ಅನ್ನಸ್ತೈತಿ?" ಅಂತ ಕೇಳಿ ಆಕಿ ಬಾಯಿ ತೆಗಿಯೋ ತನಕ ಸುಮ್ನ ನಿಲ್ರಿ, ಆ ನಾಲ್ಕು ಕ್ಷಣ ಸುಮ್ನಿರೋದ ಕಷ್ಟ. ಸೂಜಿ ಮೊಂಡ ಆಗಿರಬೇಕು ಅಂದ್ರ, ಬದಲಿ ಮಾಡಿ ನೋಡವ್ವ ಅನ್ರಿ. ಆದ್ರ ಸೂಜಿ ಡಬ್ಬಿ ನಿಮ್ಮ ಡ್ರಾದಾಗ ಕೀಲಿ ಹಾಕಿ ಇಟ್ಟಿದ್ರ ಆಕಿ ಮತ್ತ ನಿಮ್ಮ ಹತ್ರನ ಬರಬೇಕಲ್ಲ, ಮೊದ್ಲು ಅದನ್ನ ಲೈನಿನ ಹಿರಿ ಟೇಲರ್ ಕೈಗೆ ಕೊಡ್ರಿ. ಮುರಿದ ಸೂಜಿದು ಎಲ್ಲಾ ಚೂರು ಕೊಟ್ಟ ಮ್ಯಾಲನ ಹೊಸಾದು ಅನ್ನೋ ರೂಲ್ ಸಡಿಲ ಮಾಡಬ್ಯಾಡ್ರಿ, ಪ್ಯಾಂಟಿನೊಳಗ ಚೂರು ಉಳದ್ರ ಹಾಕ್ಕೊಂಡೋರಿಗೆ ಚುಚ್ಚತೈತಿ.