ಗಂಡನ ಸಹಿ ಇಲ್ಲದೆಯೂ ಗರ್ಭಪಾತ ಮಾಡಿಸಬಹುದು

ಗರ್ಭಪಾತಕ್ಕೆ ಗಂಡನ ಸಹಿ ಬೇಕು ಅಂತ ನರ್ಸಿಂಗ್ ಹೋಮಿನವರು ಕೇಳಿದ್ದಾರೆ ಅಂದಿದ್ದೀರಿ. ಅದು ಅವರ ರೂಢಿ ಇರಬೇಕು, ಕಾನೂನಲ್ಲ. 1971ರ ಎಂಟಿಪಿ ಕಾಯ್ದೆ, ಅಂದರೆ ಗರ್ಭಪಾತದ ಕಾನೂನಿನ ಪ್ರಕಾರ 18 ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಯಜಮಾನರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಸ್ಕ್ಯಾನಿಂಗಲ್ಲಿ 8 ವಾರ ಬಂದಿದೆ ಅಂದಿದ್ದೀರಿ. ಅವರು ಬರೋವರೆಗೆ ಕಾಯಬೇಕಿಲ್ಲ. ನಮ್ಮ ನಾದಿನಿಗೂ ಹೀಗೇ ಸತಾಯಿಸಿದ್ದರು.

ಮೊದಲು ಸಿಂಧನೂರಿನ ತಾಲೂಕು ಆಸ್ಪತ್ರೆಗೆ ಹೋಗಿ ಹೆರಿಗೆ ಡಾಕ್ಟರನ್ನೇ ಕಾಣಿ. ಕೌಂಟರಿನಲ್ಲಿ ಎಲ್ಲಾ ಹೇಳೋಕೆ ಹೋಗಬೇಡಿ, ಸುಮ್ನೆ ನಾಲ್ಕು ಜನ ಕೇಳಿಸ್ಕೊಳ್ತಾರೆ. ಸ್ಕ್ಯಾನಿಂಗ್ ರಿಪೋರ್ಟು, ಆಧಾರ್ ಇಟ್ಕೊಳ್ಳಿ. ಕಾರಣ ಕೇಳಿದರೆ ಇದ್ದದ್ದನ್ನೇ ಹೇಳಿ: ನಿರೋಧ್ ಬಳಸಿದರೂ ಮುಟ್ಟು ನಿಂತಿದೆ. ಇದು ಕಾನೂನು ಒಪ್ಪೋ ಕಾರಣ.

ಆಮೇಲೆ ಫಾರ್ಮ್ ಸಿ ಅನ್ನೋ ಒಪ್ಪಿಗೆ ಪತ್ರ ಕೊಡ್ತಾರೆ. ಅದರಲ್ಲಿ ಗಂಡನ ಅಥವಾ ತಂದೆಯ ಹೆಸರು ಬರೆಯೋ ಜಾಗ ಇರುತ್ತೆ, ಸಹಿ ಮಾತ್ರ ನಿಮ್ಮದೊಂದೇ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆದರೂ ತಡ ಮಾಡಬೇಡಿ, ಮಾತ್ರೆಯಲ್ಲಿ ಮುಗಿಯೋದು 9 ವಾರದೊಳಗೆ. ನಿಮಗೆ ಮಾತ್ರೆ ಆಗುತ್ತೋ ಇಲ್ವೋ ನಾನು ಹೇಳಲಾರೆ, ಪರೀಕ್ಷೆ ಮಾಡಿ ಡಾಕ್ಟರೇ ಹೇಳಬೇಕು. ಮೆಡಿಕಲ್ ಶಾಪಿನಿಂದ ತಂದು ನುಂಗೋದಂತೂ ಬೇಡವೇ ಬೇಡ.

ಗರ್ಭ ತೆಗೆಸೋದು ಪಾಪ ಅಂತ ಅತ್ತೆ ಹೇಳ್ತಾರೆ ಅಂದ್ರಲ್ಲ, ಅವರ ನಂಬಿಕೆ ಅವರಿಗಿರಲಿ. ಹೊರೋದು, ಹೆರೋದು, ಸಾಕೋದು ನೀವು. ಬೇಕೋ ಬೇಡವೋ ಅನ್ನೋದೂ ನಿಮ್ಮದೇ ಮಾತು ಅಂತ ನನ್ನ ಅಭಿಪ್ರಾಯ. ಆಸ್ಪತ್ರೆಯವರು ನಿಮ್ಮ ಹೆಸರು ಹೊರಗೆ ಬಿಡೋ ಹಾಗಿಲ್ಲ.

ಅಲ್ಲೂ ಗಂಡನ ಸಹಿ ಕೇಳಿದರೆ "ಹಾಗಂತ ಬರೆದು ಕೊಡಿ" ಅನ್ನಿ. ಜಗ್ಗದಿದ್ದರೆ ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋಗಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು.