ಈಗಿರೋ ವೇಪ್ ತರಿಸಲಾ, ಹೊಸ ಮಾಡೆಲ್‌ಗೆ ಕಾಯಲಾ?

ಸಿಗರೇಟು ಬಿಡೋಕೆ ದುಬೈಯಿಂದ ಬರೋ ಗೆಳೆಯನ ಕೈಲಿ ವೇಪ್ (ಬ್ಯಾಟರಿಯಲ್ಲಿ ನಡೆಯೋ ಇ-ಸಿಗರೇಟು) ತರಿಸಬೇಕು, ಈಗಿರೋದನ್ನೇ ತರಿಸಲಾ, ಸ್ಕ್ರೀನ್, ದೊಡ್ಡ ಬ್ಯಾಟರಿ ಇರೋ ಮುಂದಿನ ಮಾಡೆಲ್‌ಗೆ ಕಾಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ಶಿವಮೊಗ್ಗದವನು, ಸಿಗರೇಟು ಬಿಟ್ಟವನು.

ಮೊದಲು ನಿಮ್ಮ ಗೆಳೆಯನ ವಿಷಯ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ನಿಷೇಧ ಆಯ್ತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರೋದಷ್ಟೇ ಅಲ್ಲ, ಹೊರದೇಶದಿಂದ ತರೋದೂ ಅಪರಾಧ. ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಏರ್‌ಪೋರ್ಟಲ್ಲಿ ಬ್ಯಾಗ್ ಬಿಚ್ಚಿಸಿದರೆ ಸಿಕ್ಕಿಬೀಳೋದು ಅವನು.

ಇನ್ನು ಅಪ್‌ಗ್ರೇಡ್. ನಮ್ಮ ಚಿಕ್ಕಪ್ಪನ ಮಗನದ್ದೊಂದು ಬಿಚ್ಚಿ ನೋಡಿದ್ದೇನೆ. ಒಳಗೆ ಸಣ್ಣ ತಂತಿ ಸುರುಳಿ, ಅದಕ್ಕೆ ಅಂಟಿಕೊಂಡ ಹತ್ತಿ. ತಂತಿ ಕಾದರೆ ಹತ್ತಿಯಲ್ಲಿರೋ ದ್ರವ ಹೊಗೆ ಥರ ಬರುತ್ತದೆ, ಅಷ್ಟೇ. ಆ ಹತ್ತಿ ಸುಟ್ಟು ಕಪ್ಪಾಗಿತ್ತು, ಅಡಿಯಲ್ಲೆಲ್ಲ ದ್ರವ ಸೋರಿ ಜಿಗುಟು. ಸ್ಕ್ರೀನ್ ಬಂದರೂ ಒಳಗಿನ ಕೆಲಸ ಇದೇ. ಸಿಗರೇಟಾದರೆ ಉರಿದು ಮುಗಿಯುತ್ತದೆ, ಇನ್ನೊಂದು ಹಚ್ಚಬೇಕಾ ಅಂತ ಯೋಚಿಸೋಕೆ ಒಂದು ಗಳಿಗೆ ಸಿಗುತ್ತದೆ. ಇದಕ್ಕೆ ಮುಗಿಯೋದು ಅನ್ನೋದೇ ಇಲ್ಲ. ಚಿಕ್ಕಪ್ಪನ ಮಗ ಊಟದ ಮಧ್ಯೆನೂ ಎಳೀತಿದ್ದ, ತನಗೇ ಗೊತ್ತಿಲ್ಲದ ಹಾಗೆ. ಬಿಡಬೇಕು ಅನ್ನೋರಿಗೆ ದೊಡ್ಡ ಬ್ಯಾಟರಿ ಯಾಕೆ ಹೇಳಿ?

ಇಂಗ್ಲೆಂಡಲ್ಲಿ ಸಿಗರೇಟು ಬಿಡಿಸೋಕೆ ಸರ್ಕಾರದವರೇ ವೇಪ್ ಕೊಡ್ತಾರಲ್ವಾ ಅನ್ನಬಹುದು. ನಿಜ. ಆದರೆ ಅಲ್ಲಿ 1 ಮಿಲಿ ದ್ರವದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರಬಾರದು ಅಂತ ಕಾನೂನಿದೆ, ಜೊತೆಗೆ ಬಿಡಿಸೋಕೆ ಸಲಹೆ ಕೊಡೋರೂ ಇರ್ತಾರೆ. ನಿಮ್ಮ ಗೆಳೆಯ ವಾಪಸ್ ಹೋದ ಮೇಲೆ ದ್ರವ ಎಲ್ಲಿಂದ ತರ್ತೀರಿ? ಕದ್ದು ಮಾರೋರ ಹತ್ತಿರಾನೇ ತಾನೆ. ಅದರಲ್ಲಿ ಏನು ಬೆರೆಸಿದ್ದಾರೆ ಅಂತ ನೋಡೋರು ಯಾರೂ ಇಲ್ಲ.

ನನ್ನ ಕೈ ಹಿಡಿದಿದ್ದು ನಿಕೋಟಿನ್ ಗಮ್. ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಸುಮ್ನೆ ಚೂಯಿಂಗ್ ಗಮ್ ಥರ ಜಗಿದರೆ ಗಂಟಲು ಉರಿದು ಬಿಕ್ಕಳಿಕೆ ಬರುತ್ತದೆ. ನಿಧಾನ ಜಗಿಯಿರಿ, ಖಾರ ಖಾರ ಅನ್ನಿಸಿದಾಗ ಕೆನ್ನೆ ಒಳಗೆ ಒತ್ತಿಟ್ಟುಕೊಳ್ಳಿ, ಖಾರ ಹೋದ ಮೇಲೆ ಮತ್ತೆ ಜಗಿಯಿರಿ. ಕಾಫಿ ಕುಡಿದ ಕೂಡಲೇ ಹಾಕ್ಕೊಂಡರೆ ಸರಿಯಾಗಿ ಹಿಡಿಯೋದಿಲ್ಲ, ಕಾಲು ಗಂಟೆ ಬಿಡಿ. ನಮ್ಮ ಕಡೆ ಮಳೆ ಹಿಡಿದರೆ ಕಾಫಿ ಮೇಲೆ ಕಾಫಿ, ಹಿಂದೆಯೇ ಸಿಗರೇಟಿನ ಆಸೆ, ಅದಕ್ಕೇ ಇದನ್ನು ಒತ್ತಿ ಹೇಳ್ತಿದ್ದೇನೆ. ಬಾಯಿ ಖಾಲಿ ಅಂತ ಹೊಗೆಸೊಪ್ಪು ಹಾಕಿದ ಕವಳಕ್ಕೆ ಮಾತ್ರ ಹೋಗಬೇಡಿ. ಎಷ್ಟು ಮಿಲಿಗ್ರಾಂ ಗಮ್ ಬೇಕು ಅಂತ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕೇಳಿ. ಅಲ್ಲಿಗೆ ಹೋಗೋಕೆ ಮನಸ್ಸಾಗದಿದ್ದರೆ ತಂಬಾಕು ಬಿಡಿಸೋ ಸರ್ಕಾರಿ ಸಹಾಯವಾಣಿ 1800 11 2356ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.