ಮೇಳಕ್ಕೆ ಹೋಗುವ ಮುಂಚೆ ಕಿಟಕಿ ಅಳೆದುಕೊಳ್ಳಿ

ಪ್ರಶ್ನೆ: ನಾನು ಇಂಟೀರಿಯರ್ ಡಿಸೈನರ್. ಕಂಪನಿ ಬಿಟ್ಟು ಸ್ವಂತವಾಗಿ ಕೆಲಸ ಶುರು ಮಾಡಿದ್ದೇನೆ, ಹೆಚ್ಚಿನವು ಫ್ಲ್ಯಾಟ್‌ಗಳು. ಬೆಂಗಳೂರಿನ ಮಾದಾವರದಲ್ಲಿ ಫರ್ನಿಚರ್, ಫರ್ನಿಶಿಂಗ್ ಮೇಳ ಆದಾಗಲೆಲ್ಲ ಹೋಗುತ್ತೇನೆ. ಸಂಜೆ ಹೊತ್ತಿಗೆ ಕಾಲು ನೋವು, ಚೀಲದ ತುಂಬ ಕ್ಯಾಟಲಾಗ್. ಅದರಲ್ಲಿ ಒಂದೂ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಸ್ಟಾಲ್‌ನವರು ಸರಿಯಾಗಿ ಮಾತಾಡಿಸುವುದೂ ಇಲ್ಲ. ಸುಮ್ನೆ ಹೋಗುವುದು ಬಿಟ್ಟುಬಿಡಲಾ?
– ಓದುಗರೊಬ್ಬರು, ವಿಜಯನಗರ

ಉತ್ತರ: ಬಿಡಬೇಡಿ. ಈಗ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ (2024ರ ನವೆಂಬರ್‌ನಿಂದ), ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆಯುವ ಕಷ್ಟವೂ ಇಲ್ಲ. ಆದರೆ 'ಹೊಸದೇನು ಬಂದಿದೆ ನೋಡೋಣ' ಅಂತ ಮಾತ್ರ ಹೋಗಬೇಡಿ. ಈಗ ನಿಮ್ಮ ಕೈಯಲ್ಲಿ ಯಾವ ಮನೆಗಳಿವೆಯೋ ಅವುಗಳ ಲೆಕ್ಕ ಹಿಡಿದುಕೊಂಡು ಹೋಗಿ. ಯಾವ ಕಿಟಕಿ ಎಷ್ಟು ಅಗಲ, ಎಷ್ಟು ಎತ್ತರ, ಯಾವ ಗೋಡೆಗೆ ಯಾವ ಬಣ್ಣ, ವಾರ್ಡ್‌ರೋಬಿನ ಲ್ಯಾಮಿನೇಟ್ (ಪ್ಲೈವುಡ್ ಮೇಲೆ ಅಂಟಿಸುವ ಹಾಳೆ) ಯಾವುದು. ಲ್ಯಾಮಿನೇಟಿನ ಒಂದು ತುಂಡು, ಪೇಂಟಿನ ಶೇಡ್ ಕಾರ್ಡು, ಒಂದು ಟೇಪು ಚೀಲದಲ್ಲಿರಲಿ.

ಅಳತೆ ಯಾಕೆ ಅಂತೀರಾ? ಒಂದು ಕಿಟಕಿ ತಗೊಳ್ಳಿ. ರಾಡ್ 6 ಅಡಿ, ಪರದೆ ಚೆನ್ನಾಗಿ ನೆರಿಗೆ ಬೀಳಬೇಕಾದರೆ ಬಟ್ಟೆ ಅದರ ಎರಡೂವರೆ ಪಟ್ಟು, ಅಂದರೆ 15 ಅಡಿ ಬೇಕು. 54 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ನಾಲ್ಕು ಉದ್ದ (ಪಟ್ಟಿ) ಕತ್ತರಿಸಬೇಕಾಗುತ್ತದೆ. ಪರದೆಯ ಎತ್ತರ 8 ಅಡಿ, ಮೇಲೆ ಕೆಳಗೆ ಮಡಿಸಲು ಇನ್ನೊಂದು ಅಡಿ. ಒಂದು ಉದ್ದಕ್ಕೆ ಸುಮಾರು 2.75 ಮೀಟರ್, ನಾಲ್ಕಕ್ಕೆ 11 ಮೀಟರ್. ಬಟ್ಟೆ ಪ್ಲೇನ್ ಆದರೆ ಇಷ್ಟೇ. ಅದೇ ಬಟ್ಟೆಯಲ್ಲಿ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುವ ದೊಡ್ಡ ಹೂವಿದ್ದರೆ, ಪಕ್ಕಪಕ್ಕದ ಹೂವು ಕೂಡಬೇಕಲ್ವಾ, ಪ್ರತಿ ಉದ್ದಕ್ಕೂ ಐದು ಹೂವಿನಷ್ಟು, ಅಂದರೆ 3.2 ಮೀಟರ್ ಕತ್ತರಿಸಬೇಕು. ಒಟ್ಟು 12.8 ಮೀಟರ್ ಆಯಿತು. ಮೀಟರಿಗೆ 900 ರೂಪಾಯಿಯ ಬಟ್ಟೆಯಾದರೆ ಒಂದೇ ಕಿಟಕಿಗೆ 1,620 ರೂಪಾಯಿ ಜಾಸ್ತಿ. 280 ಸೆಂಟಿಮೀಟರ್ ಪನ್ನದ ಬಟ್ಟೆಯೂ ಸಿಗುತ್ತದೆ, ಅದನ್ನು ಅಡ್ಡಕ್ಕೆ ತಿರುಗಿಸಿ ಹೊಲಿದರೆ 5 ಮೀಟರಿನೊಳಗೆ ಜೋಡಣೆಯೇ ಇಲ್ಲದೆ ಪರದೆ ಮುಗಿಯುತ್ತದೆ. ಆದರೆ ಡಿಸೈನ್ ಅಡ್ಡಕ್ಕೆ ಕೂರುತ್ತದೆಯಾ ಅಂತ ಸ್ಟಾಲಿನಲ್ಲೇ ಬಟ್ಟೆ ಹಿಡಿದು ನೋಡಬೇಕು. ಈ ಲೆಕ್ಕ ತಲೆಯಲ್ಲಿದ್ದರೆ ಮೀಟರ್ ರೇಟ್ ಕೇಳಿದ ಕೂಡಲೇ ಆ ಬಟ್ಟೆ ನಿಮ್ಮ ಕ್ಲೈಂಟಿನ ಬಜೆಟ್ಟಿಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಈಗ ಮಾತಾಡಿಸದವರ ವಿಷಯ. 'ಇದು ಎಷ್ಟು?' ಅಂತ ಶುರು ಮಾಡಬೇಡಿ, ದಿನವಿಡೀ ಸಾವಿರ ಜನ ಅದನ್ನೇ ಕೇಳಿರುತ್ತಾರೆ. ಪನ್ನ ಎಷ್ಟು, ಡಿಸೈನ್ ಎಷ್ಟಕ್ಕೆ ಮರುಕಳಿಸುತ್ತದೆ, ಮಾರ್ಟಿನ್‌ಡೇಲ್ ಎಷ್ಟು ಅಂತ ಕೇಳಿ. ಮಾರ್ಟಿನ್‌ಡೇಲ್ ಅಂದರೆ ಮೆಷಿನ್‌ನಲ್ಲಿ ಬಟ್ಟೆಯನ್ನು ಉಜ್ಜಿ ಉಜ್ಜಿ, ಎಷ್ಟು ಉಜ್ಜಿದ ಮೇಲೆ ಸವೆಯಿತು ಅಂತ ನೋಡುವ ಪರೀಕ್ಷೆ. ಮನೆಮಂದಿಯೆಲ್ಲ ದಿನಾ ಕೂರುವ ಸೋಫಾ ಆದರೆ ಆ ಸಂಖ್ಯೆ 25,000ದ ಮೇಲಿರಲಿ. ಅಲಂಕಾರದ ದಿಂಬಿಗೆ ಅಷ್ಟೆಲ್ಲ ಬೇಡ. ಆಮೇಲೆ ವ್ಯಾಪಾರದ ಪ್ರಶ್ನೆಗಳು: ಬೆಂಗಳೂರಿನಲ್ಲಿ ಸ್ಟಾಕ್ ಇದೆಯಾ ಅಥವಾ ಆರ್ಡರ್ ಕೊಟ್ಟ ಮೇಲೆ ತರಿಸುತ್ತೀರಾ? ಕಟ್ ರೇಟ್ (ಬೇಕಾದಷ್ಟೇ ಕತ್ತರಿಸಿ ಕೊಟ್ಟರೆ) ಎಷ್ಟು, ಪೂರ್ತಿ ರೋಲ್ ತಗೊಂಡರೆ ಎಷ್ಟು? ಮುಂದಿನ ವರ್ಷ ಇದೇ ಡಿಸೈನ್ ಬರುತ್ತಾ? ಎರಡನೇ ಸಲ ತರಿಸಿದ ಬಟ್ಟೆ ಬೇರೆ ಲಾಟ್‌ನಿಂದ (ಬೇರೆ ಸಲ ಬಣ್ಣ ಹಾಕಿದ್ದರಿಂದ) ಬಂದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ, ಹಾಲ್‌ನ ಪರದೆಗಳಲ್ಲಿ ಅದು ಎದ್ದು ಕಾಣುತ್ತದೆ. ಹಾಗಾಗಿ ಒಂದು ಕೋಣೆಯ ಬಟ್ಟೆಯೆಲ್ಲ ಒಂದೇ ಲಾಟ್‌ನದು ಬೇಕು ಅಂತ ಅಲ್ಲೇ ಹೇಳಿ. ಹೀಗೆ ಕೇಳುವವರನ್ನು ಒಳಗೆ ಕರೆದು ಕೂರಿಸುತ್ತಾರೆ. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಮಾತ್ರ ಇದು ಕಷ್ಟ, ಮೊದಲ ದಿನ ಬೆಳಿಗ್ಗೆಯೇ ಹೋಗಿ.

ಬಣ್ಣವನ್ನು ಸ್ಟಾಲಿನ ದೀಪದ ಕೆಳಗೆ ನಂಬಬೇಡಿ. ಸ್ಯಾಂಪಲ್ ತುಂಡನ್ನು ಕೇಳಿ ಇಸಕೊಂಡು ಬಾಗಿಲಾಚೆ ಬಿಸಿಲಿನಲ್ಲಿ ಹಿಡಿದು ನೋಡಿ, ಆಮೇಲೆ ಕ್ಲೈಂಟಿನ ಮನೆಯ ಬಿಳಿ ಟ್ಯೂಬ್‌ಲೈಟಿನ ಕೆಳಗೂ ನೋಡಿ. ಒಂದು ದೀಪದಲ್ಲಿ ಲ್ಯಾಮಿನೇಟಿಗೆ ಸರಿಯಾಗಿ ಕೂಡುವ ಬೂದು ಬಣ್ಣ ಇನ್ನೊಂದರಲ್ಲಿ ಹಸಿರು ಹೊಡೆಯುತ್ತದೆ.

ಇಂಡಿಯಾವುಡ್ ತರಹದ ಮೇಳಗಳು ಮುಖ್ಯವಾಗಿ ಪೀಠೋಪಕರಣ ತಯಾರಿಸುವವರಿಗೆ. ಮೆಷಿನ್, ಪ್ಲೈವುಡ್, ಹಾರ್ಡ್‌ವೇರ್ ಜಾಸ್ತಿ. ಅಲ್ಲಿಗೆ ನಿಮ್ಮ ಕಾರ್ಪೆಂಟರನ್ನೂ ಕರೆದುಕೊಂಡು ಹೋಗಿ, ದಯವಿಟ್ಟು. ಬಾಗಿಲಿನ ಹಿಂಜ್, ಡ್ರಾಯರ್ ಚಾನೆಲ್ ಕೂರಿಸುವವರು ಅವರೇ ಅಲ್ವಾ, ಅವರ ಕೈಯಲ್ಲಿ ಅದನ್ನು ಬಿಚ್ಚಿ ನೋಡಲು ಬಿಡಿ. ಪ್ಲೈವುಡ್ಡಿನವರು 'ವಾಟರ್‌ಪ್ರೂಫ್' ಅಂದರೆ ಸಾಲದು, ಹಲಗೆಯ ಮೇಲಿನ ಮುದ್ರೆ ನೋಡಿ. ಐಎಸ್ 303 (ಸಾಮಾನ್ಯ ಪ್ಲೈವುಡ್ಡಿನ ಭಾರತೀಯ ಮಾನದಂಡ) ಹಲಗೆಯ ಮೇಲೆ ಎಂಆರ್ ಅಂತಿದ್ದರೆ ಅದು ತೇವವನ್ನು ಸ್ವಲ್ಪ ಮಟ್ಟಿಗೆ ಮಾತ್ರ ತಡೆಯುತ್ತದೆ. ಸಿಂಕಿನ ಕೆಳಗೆ ಐಎಸ್ 710 (ಮರೀನ್ ಪ್ಲೈವುಡ್) ಹಾಕಿಸಿ.

ಇನ್ನೊಂದು ಆಸೆ ನನ್ನದು. ಕೈಮಗ್ಗ, ಕರಕುಶಲದ ಸ್ಟಾಲ್‌ಗಳು ಹೆಚ್ಚಾಗಿ ಮೂಲೆಯಲ್ಲಿರುತ್ತವೆ, ಅವನ್ನು ಬಿಟ್ಟು ಬರಬೇಡಿ. ಚನ್ನಪಟ್ಟಣದ ಅರಗಿನ ಕೆಲಸದವರು ಗೊಂಬೆ ಮಾತ್ರವಲ್ಲ, ಡ್ರಾಯರ್ ಹಿಡಿ, ಪರದೆ ರಾಡಿನ ತುದಿಯ ಗುಂಡು ಕೂಡ ಕಡೆದು ಕೊಡಬಲ್ಲರು. ನವಲಗುಂದದ ಜಮಖಾನೆಯನ್ನು ನೀವು ಹೇಳಿದ ಅಳತೆಗೆ ನೇಯಿಸಿಕೊಳ್ಳುವ ಬಗ್ಗೆ ವಿಚಾರಿಸಿ. ಚನ್ನಪಟ್ಟಣದ ಗೊಂಬೆ, ನವಲಗುಂದದ ಜಮಖಾನೆ ಎರಡಕ್ಕೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಸಮಯ ಮಾತ್ರ ಧಾರಾಳವಾಗಿ ಕೊಡಬೇಕು, ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಕೇಳಿದರೆ ಆಗುವುದಿಲ್ಲ.

ಪ್ರಶ್ನೆ: ಇಟಲಿಯ ಮಿಲಾನಿನ ಪೀಠೋಪಕರಣ ಮೇಳ ನೋಡದಿದ್ದರೆ ಡಿಸೈನರ್ ಅಲ್ಲ ಅಂತಾರೆ ಗೆಳೆಯರು. ಸಾಲ ಮಾಡಿ ಹೋಗಬೇಕಾ?
– ಓದುಗರೊಬ್ಬರು, ಜಯನಗರ

ಉತ್ತರ: ಸಾಲ ಮಾಡಿ ಬೇಡ. ಮೊದಲು ಇಲ್ಲಿನ ಮೇಳ, ಆಮೇಲೆ ಮನೆ ಬಟ್ಟೆ, ಅಲಂಕಾರದ ವಸ್ತುಗಳ ಎಚ್‌ಜಿಎಚ್ ಇಂಡಿಯಾ ಮೇಳ ನೋಡಿ. ಅಲ್ಲಿ ಕಂಡದ್ದನ್ನು ನಾಳೆಯೇ ತರಿಸಿಕೊಳ್ಳಬಹುದು. ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳು, ಸಿದ್ಧಯ್ಯ ರಸ್ತೆಯ ಅಂಗಡಿಗಳು ಎಲ್ಲ ಚೆನ್ನಾಗಿ ಗೊತ್ತಿರಲಿ. ದುಡ್ಡು ಕೂಡಿದ ಮೇಲೆ ಮಿಲಾನಿಗೆ ಹೋಗುವುದಾದರೆ ವರ್ಷ ನೋಡಿಕೊಂಡು ಹೋಗಿ. 1961ರಿಂದ ನಡೆಯುತ್ತಿರುವ ಆ ಮೇಳದಲ್ಲಿ ಈಗ ಸಮ ಸಂಖ್ಯೆಯ ವರ್ಷಗಳಲ್ಲಿ ಅಡುಗೆಮನೆ ವಿಭಾಗ ಇರುತ್ತದೆ, ಬೆಸ ವರ್ಷಗಳಲ್ಲಿ ದೀಪಗಳ ವಿಭಾಗ. ಬಟ್ಟೆಯೇ ನಿಮ್ಮ ಆಸಕ್ತಿಯಾದರೆ ಜನವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹೈಮ್‌ಟೆಕ್ಸ್‌ಟಿಲ್ ಎಂಬ ಮನೆ ಬಟ್ಟೆಗಳ ಮೇಳ ಇದೆ.

ಪ್ರಶ್ನೆ: ಮೇಳದಲ್ಲಿ ಒಬ್ಬ ವ್ಯಾಪಾರಿ 'ನಿಮ್ಮ ಕ್ಲೈಂಟನ್ನು ಕಳಿಸಿ, ಬಿಲ್ಲಿನಲ್ಲಿ ಶೇ 10 ನಿಮಗೆ' ಅಂದರು. ಎಲ್ಲರೂ ತಗೋತಾರಂತೆ. ತಗೋಬಹುದಾ?
– ಓದುಗರೊಬ್ಬರು, ಕೆಂಗೇರಿ

ಉತ್ತರ: ಕ್ಲೈಂಟಿಗೆ ಹೇಳದೆ ಬೇಡವೇ ಬೇಡ. ಆ ಶೇ 10 ಕೊಡುವುದು ಮನೆಯವರೇ, ಬಿಲ್ಲಿನಲ್ಲಿ ಸೇರಿಸಿಯೇ ಇರುತ್ತಾರೆ. ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟಿಕೊಂಡವರು ನಿಮ್ಮನ್ನು ನಂಬಿ ಬಂದಿರುತ್ತಾರೆ. ಅದಲ್ಲದೆ ಒಂದು ಸಲ ತಗೊಂಡರೆ ಮುಂದಿನ ಮನೆಗೂ ಅದೇ ಅಂಗಡಿಯ ಬಟ್ಟೆ ಚೆನ್ನಾಗಿ ಕಾಣಲು ಶುರುವಾಗುತ್ತದೆ. ನಿಮ್ಮ ಕಣ್ಣೇ ಕೆಡುತ್ತದೆ, ಡಿಸೈನರಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಆದರೆ ನಿಮ್ಮ ಕೆಲಸಕ್ಕೆ ಬೆಲೆ ಇಲ್ಲ ಅಂತ ಅರ್ಥವಲ್ಲ. ಮೇಳ ಸುತ್ತಿ ಬಟ್ಟೆ ಆರಿಸುವುದೂ ಕೆಲಸವೇ, ಅದನ್ನು ನಿಮ್ಮ ಫೀಸಿನಲ್ಲಿ ಸೇರಿಸಿ ಧೈರ್ಯವಾಗಿ ಕೇಳಿ. ವ್ಯಾಪಾರಿಗೆ 'ಆ ಶೇ 10 ಕ್ಲೈಂಟಿನ ಬಿಲ್ಲಿನಲ್ಲಿ ಕಡಿಮೆ ಮಾಡಿ' ಅನ್ನಿ, ತುಂಬ ಜನ ಒಪ್ಪುತ್ತಾರೆ. ಅಥವಾ ನೀವೇ ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಕೊಂಡು, ನಿಮ್ಮ ಲಾಭ ಇಷ್ಟು ಅಂತ ಹೇಳಿ ಬಿಲ್ ಮಾಡಿ. ಯಾವುದೇ ಆದರೂ ಕೆಲಸ ಶುರುವಾಗುವ ಮುಂಚೆ ಒಪ್ಪಂದದಲ್ಲಿ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ.